ಅವಳ ಬಲಗೈ

ನಮ್ಮ ಮನೆಯಲ್ಲಿ ಯಾರೂ ಅಲಾರಂ ಇಡುವುದಿಲ್ಲ. ರಾತ್ರಿ ಫೋನುಗಳೆಲ್ಲ ಸೈಲೆಂಟ್. ಮಗಳನ್ನು ಎಬ್ಬಿಸುವುದು ನಾನೇ, ಪಾದ ಸವರಿ, ಮೆಲ್ಲಗೆ ಹೆಸರು ಕರೆದು.

ಅವಳಿಗೆ ಹತ್ತು ವರ್ಷ. ಬೆಳಗಿನ ಜಾವ ಫೋನ್ ಒಂದೇ ಸಮ ಬಡಿದುಕೊಂಡಿತು. ಬೆಚ್ಚಿ ಎದ್ದವಳು ಹಾಗೇ ಮಗ್ಗುಲಿಗೆ ಬಿದ್ದಳು. ಕೈಕಾಲು ಸೆಟೆದವು. ಫಿಟ್ಸ್ ಅಂದರು. ಒಂದೂವರೆ ವರ್ಷ ಫಿಟ್ಸ್ ಮಾತ್ರೆ ನುಂಗಿಸಿದೆವು. ಮತ್ತೆ ಎರಡು ಸಲ ಬಿದ್ದಳು. ಆಮೇಲೆ ಇನ್ನೊಬ್ಬ ಡಾಕ್ಟರು ಇಸಿಜಿ ತೆಗೆಸಿದರು. ತೊಂದರೆ ಇದ್ದದ್ದು ತಲೆಯಲ್ಲಲ್ಲ, ಎದೆಯಲ್ಲಿ. ಲಾಂಗ್ ಕ್ಯೂಟಿ ಸಿಂಡ್ರೋಮ್, ಎರಡನೇ ಬಗೆ. ಒಂದು ಬಡಿತ ಮುಗಿದು ಹೃದಯ ಮುಂದಿನದಕ್ಕೆ ಅಣಿಯಾಗಲು ಜಾಸ್ತಿ ಹೊತ್ತು ಬೇಕು; ಇಸಿಜಿಯಲ್ಲಿ ಆ ಹೊತ್ತನ್ನು ತೋರಿಸುವ ಅಳತೆಯೇ ಕ್ಯೂಟಿ. ಆಗ ಬೆಚ್ಚಿದರೆ ಲಯ ತಪ್ಪಿ, ರಕ್ತ ತಳ್ಳದೆ ಸುಮ್ನೆ ಅದುರುತ್ತದೆ. ಮಗುವಿಗೆ ಫಿಟ್ಸ್ ಅಂದರೆ ಇಸಿಜಿಯನ್ನೂ ತೆಗೆಸಿ, ಕ್ಯೂಟಿ ಎಷ್ಟಿದೆ ಅಂತ ಕೇಳಿ. ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತೇನೆ.

ಹೃದಯದ ಗಾಬರಿ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಶುರುವಾಯಿತು. ಅದನ್ನು ತಪ್ಪದೆ ನುಂಗುತ್ತಿದ್ದಾಗಲೇ ಇನ್ನೊಮ್ಮೆ ಬಿದ್ದಳು. ಐಸಿಡಿ ಅನ್ನುವ ಪುಟ್ಟ ಯಂತ್ರವನ್ನು ಮೈಯೊಳಗೆ ಕೂರಿಸುವುದೇ ದಾರಿ ಅಂದುಕೊಂಡಿದ್ದೆ. ಅದು ಶಾಕ್ ಕೊಟ್ಟು ಜೀವ ಉಳಿಸುತ್ತದೆ, ನಿಜ. ಆದರೆ ಎಚ್ಚರ ಇರುವಾಗ ಶಾಕ್ ಹೊಡೆದರೆ ಮಗು ಹೆದರುತ್ತದೆ, ಹೆದರಿಕೆಗೆ ಮತ್ತೆ ಲಯ ಕೆಡಬಹುದು, ಮತ್ತೆ ಶಾಕ್. ಮೊದಲು ನರದ ಆಪರೇಷನ್ ಮಾಡೋಣ ಅಂದರು ಡಾಕ್ಟರು. ಚೀಟಿಯ ಹಿಂದೆ ಚಿತ್ರ ಬರೆದರು. ಕತ್ತಿನ ಬುಡದಲ್ಲಿ, ಮೊದಲ ಪಕ್ಕೆಲುಬಿನ ಹತ್ತಿರ ನಕ್ಷತ್ರದಂಥ ಒಂದು ನರದ ಗಂಟು. 'ಗಾಬರಿಯಾಗು' ಅಂತ ಹೃದಯಕ್ಕೆ ಹೇಳುವ ನರಗಳು ಅಲ್ಲಿಂದ ಹೊರಡುತ್ತವೆ. ಎಡಗಡೆಯ ಆ ಗಂಟಿನ ಕೆಳಗಿನ ಅರ್ಧ, ಅದರ ಕೆಳಗಿನ ನರದ ಸರಪಳಿಯಲ್ಲಿ ಒಂದಿಷ್ಟು, ತೆಗೆಯುತ್ತಾರೆ.

ಹೊಸ ಪ್ರಯೋಗವಾ ಅಂತ ಹೆದರಿದ್ದೆ. ಅಲ್ಲ. ರೊಮೇನಿಯಾದ ಯೊನೆಸ್ಕು 1916ರಲ್ಲೇ ಈ ಗಂಟು ತೆಗೆದಿದ್ದರು. ಲಾಂಗ್ ಕ್ಯೂಟಿಗೆ ಮಾಡಿದ್ದನ್ನು ಅಮೆರಿಕದ ಮಾಸ್ ಮತ್ತು ಮೆಕ್‌ಡೊನಾಲ್ಡ್ 1971ರಲ್ಲಿ ಬರೆದರು. ಇಟಲಿಯ ಪೀಟರ್ ಶ್ವಾರ್ಟ್ಜ್ ತಂಡ 147 ರೋಗಿಗಳ ಲೆಕ್ಕವನ್ನು 2004ರಲ್ಲಿ ಕೊಟ್ಟಿತು. ಬೀಳುವುದು ಮುಂತಾದ ಘಟನೆಗಳು ಶೇ. 91ರಷ್ಟು ಇಳಿದಿದ್ದವು. ಪೂರ್ತಿ ನಿಂತದ್ದು ಮಾತ್ರ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಜನರಿಗೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಂಕುಳ ಕೆಳಗೆ ಮೂರು ಸಣ್ಣ ತೂತು, ಒಳಗೆ ಕ್ಯಾಮೆರಾ. ಅವಳು ಕಣ್ಣು ಬಿಟ್ಟಾಗ ನಾನು ಮೊದಲು ನೋಡಿದ್ದು ಎಡ ರೆಪ್ಪೆ. ಗಂಟಿನ ಮೇಲಿನ ಭಾಗಕ್ಕೆ ಪೆಟ್ಟಾದರೆ ಅದು ಜೋತು ಬೀಳುತ್ತದೆ ಅಂದಿದ್ದರು. ಎರಡೂ ಕಣ್ಣು ಒಂದೇ ಸಮ ಇದ್ದವು. ಅಲ್ಲೇ ಅತ್ತುಬಿಟ್ಟೆ.

ಮೂರು ವರ್ಷವಾಯಿತು, ಬಿದ್ದಿಲ್ಲ. ರೋಗ ಹೋಗಿಲ್ಲ, ಮಾತ್ರೆಯೂ ನಿಂತಿಲ್ಲ. ಎಡ ಅಂಗೈ ಮಾತ್ರ ಈಗ ಬೆವರುವುದೇ ಇಲ್ಲ, ಬಿಸಿಲಲ್ಲೂ ಒಣ ಒಣ. ಬೆವರಿನ ನರವೂ ಅದೇ ದಾರಿಯಲ್ಲಿ ಹೋಗುತ್ತದಂತೆ.

ಈ ಸಲ ಎಸ್ಎಸ್ಎಲ್‌ಸಿ. ಗಂಟೆ ನೇತು ಹಾಕಿದ ಕಂಬದಿಂದ ದೂರದ ಕೋಣೆ ಕೊಡಿ ಅಂತ ಕೇಳಿಕೊಂಡಿದ್ದೆ, ಕೊಟ್ಟರು. ಗಣಿತದ ದಿನ ಗೇಟಿನ ಹತ್ತಿರ, "ಭಯ ಇಲ್ಲಮ್ಮ, ನೋಡು" ಅಂತ ಎಡಗೈ ಚಾಚಿದಳು. ನಾನು ಬಲಗೈ ಹಿಡಿದೆ. ಒದ್ದೆಯಾಗಿತ್ತು.

"ಮಾತ್ರೆ ತಗೊಂಡ್ಯಾ?"

"ಆಗಲೇ ಆಯ್ತಮ್ಮ." ಕೈ ಬಿಡಿಸಿಕೊಂಡು, ಲಂಗಕ್ಕೆ ಒರೆಸಿಕೊಂಡು ಒಳಗೆ ಹೋದಳು.