ಒಂದು ಅಕ್ಷರಕ್ಕೆ ಏಳು ಭಾನುವಾರ

ಸಿಕ್ಕಿತು! 7 ಭಾನುವಾರ, 11 ಹಾಳೆ, ಟ್ರೈಪಾಡಿನ ಒಂದು ಕಾಲು, ಇಷ್ಟು ಹಾಳಾದ ಮೇಲೆ ಆ ಅಕ್ಷರ ಸಿಕ್ಕಿತು. ಅದು ಱ, ಹಳಗನ್ನಡದಲ್ಲಿದ್ದು ಈಗ ಬಳಕೆ ತಪ್ಪಿದ ಇನ್ನೊಂದು ರ. ಮಾಮೂಲಿ ರ ಅಲ್ಲ.

ಅದು ಇರುವುದು ಬೇಲೂರು ಕಡೆಯ ಕೆರೆ ಏರಿ ಮೇಲಿನ ಒಂದು ವೀರಗಲ್ಲಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ, ನಿಧಿಗಳ್ಳರಿಗೂ ಓದಲು ಬರುತ್ತದೆ. ಮೇಲಿನ ಪಟ್ಟಿಕೆಯಲ್ಲಿ ಲಿಂಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಕೆಳಗಿನದು, ಅಂದರೆ ಕಾಳಗದ ಪಟ್ಟಿಕೆ, ಮಣ್ಣಿನೊಳಗಿದೆ. ಏರಿ ಮೇಲೆ ರಸ್ತೆ ಮಾಡಿದಾಗ ಮುಚ್ಚಿ ಹೋಗಿದೆ. ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ರೈಸ್ ಸಾಹೇಬರ 1902ರ ಹಾಸನ ಸಂಪುಟವನ್ನು ಎರಡು ಸಲ ಜಾಲಾಡಿದೆ, ಈ ಕಲ್ಲು ಅದರಲ್ಲಿ ಇಲ್ಲ.

ಹೊಯ್ಸಳರ ಕಾಲದ ಲಿಪಿ. ಪಟ್ಟಿಕೆಗಳ ನಡುವಿನ ಸಾಲಿನಲ್ಲಿ ಕೊನೆಯ ಭಾಗ ಮಾತ್ರ ಚೆನ್ನಾಗಿದೆ: '…ಲ್ಲಿ ಕಾದಿ ಬಿದ್ದು ಸುರಲೋಕ ಪ್ರಾಪ್ತನಾದ', ಅಂದರೆ ಹೋರಾಡಿ ಸತ್ತು ಸ್ವರ್ಗ ಸೇರಿದ. ವೀರನ ಹೆಸರಿದ್ದ ಜಾಗದಲ್ಲಿ ಅಂಗೈ ಅಗಲದ ಚಕ್ಕೆ ಎದ್ದು ಹೋಗಿದೆ. ಯಾವುದರಲ್ಲಿ ಕಾದಿದ ಅನ್ನುವ ಮಾತಿನ ಮೊದಲ ಅಕ್ಷರವೂ ಅದರ ಜೊತೆಗೇ ಹೋಯಿತು. ಎರಡನೆಯದು ಇದೆ. ಅದರ ಮುಂದಿನವು ಎಮ್ಮೆ ಕಟ್ಟುವ ಹಗ್ಗ ಉಜ್ಜಿ ಉಜ್ಜಿ ನುಣ್ಣಗಾಗಿವೆ. ಅಂದರೆ ಇಡೀ ಕಥೆ ಆ ಎರಡನೇ ಅಕ್ಷರದ ಮೇಲೆ ನಿಂತಿತ್ತು. ರ ಆದರೆ 'ಊರಳಿವು', ಊರಿನ ಮೇಲೆ ಶತ್ರುಗಳು ಬಿದ್ದಾಗ ಸತ್ತವನು. ಱು ಆದರೆ 'ತುಱುಗೊಳ್', ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನು. ಊರಿನವರನ್ನು ಕೇಳಿದರೆ, ಅವನು ದಂಡಿಗೆ ಎದುರಾಗಿ ಒಬ್ಬನೇ ನಿಂತವನು. ವರ್ಷಕ್ಕೊಮ್ಮೆ ಸುಣ್ಣ ಬಳಿದು ಪೂಜೆ ಮಾಡುತ್ತಾರೆ.

ಮೊದಲು ಪಡಿಯಚ್ಚು, ಅಂದರೆ ಒದ್ದೆ ಕಾಗದವನ್ನು ಕಲ್ಲಿಗೆ ಹೊಡೆದು ಕೂರಿಸಿ ಮಸಿ ಒತ್ತಿ ಅಕ್ಷರದ ಅಚ್ಚು ತೆಗೆಯಲು ಹೋದೆ. ಕಾಗದ ಕಳಿಸಿದ ಮಹಾನುಭಾವನ ಬಗ್ಗೆ ಎರಡು ಮಾತು. ಕೇಳಿದ್ದು ದಪ್ಪ ಕೈಕಾಗದ, ಬಂದದ್ದು ಗಾಳಿಪಟದ ಹಾಳೆ. ಒದ್ದೆ ಮಾಡಿ ಬ್ರಷ್ಷಿನಿಂದ ನಾಲ್ಕು ಏಟು ಹಾಕಿದರೆ ನೆನೆದ ಹಪ್ಪಳ. ಫೋನ್ ಮಾಡಿದರೆ, 'ನೀವು ಜಾಸ್ತಿ ಹೊಡೀತಿದೀರಾ ಸಾರ್' ಅಂದ. 11 ಹಾಳೆ ಹೋಗಿದ್ದು ಹೀಗೆ. ಕೊನೆಯದರಲ್ಲಿ ಒಂದು ಮಸಿ ಉಂಡೆ ಬಂತು. ಅದನ್ನು ರ ಅನ್ನಬಹುದು, ಠ ಅನ್ನಬಹುದು, ಇಡ್ಲಿ ಅಂತಲೂ ಅನ್ನಬಹುದು.

ಸರಿ, ಆರ್‌ಟಿಐ ಮಾಡೋಣ ಅಂದುಕೊಂಡೆ. ಮಾಹಿತಿ ಹಕ್ಕಿನ ಅರ್ಜಿ ಅಲ್ಲ, ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ ಸವೆದ ಗೆರೆ ಎಬ್ಬಿಸುವ ವಿಧಾನ. ಬೆಳಕು ಯಾವ ಕಡೆಯದು ಅಂತ ಗೋಲಿ ಮೇಲಿನ ಹೊಳಪು ಹೇಳುತ್ತದೆ. ಕಪ್ಪು ಗೋಲಿ ಪಕ್ಕದಲ್ಲಿಟ್ಟು, ಕ್ಯಾಮೆರಾ ಅಲ್ಲಾಡದ ಹಾಗೆ, ಸಾಧ್ಯವಾದ ಕಡೆಯಿಂದೆಲ್ಲ ಬೆಳಕು ಹಾಕುತ್ತಾ 50 ಫೋಟೊ. ಆನ್‌ಲೈನ್‌ನಲ್ಲಿ ತರಿಸಿದ ಗೋಲಿಯ ನಟ್ಟನಡುವೆ ಕಂಪನಿಯ ಮುದ್ರೆ! ಹೊಳಪು ಬೀಳಬೇಕಾದ ಜಾಗದಲ್ಲೇ. ಕೊನೆಗೆ ಸಂತೆಯಲ್ಲಿ ಹುಡುಗರ ಗೋಲಿ ತಗೊಂಡೆ, ಅದು ಸಾವಿರ ಪಾಲು ವಾಸಿ. ಏನು ಮಾಡ್ತಿದೀರಿ ಅಂತ ಪಂಚಾಯಿತಿ ಸದಸ್ಯರೊಬ್ಬರು ಬೈಕ್ ನಿಲ್ಲಿಸಿ ಕೇಳಿದರು. 'ಆರ್‌ಟಿಐ ಹಾಕ್ತಿದೀನಿ ಸಾರ್' ಅಂದೆ, ಸುಮ್ನೆ. ಅವರ ಮುಖ ನೋಡಬೇಕಿತ್ತು. 'ಏರಿ ಕೆಲ್ಸದ ಬಿಲ್ಲು ನಮ್ ಅವಧಿದಲ್ಲ' ಅಂತ ಹೇಳಿ ಹೊರಟೇ ಹೋದರು.

ಫಲ? ಸುಣ್ಣ ಬಳಿದ ಬ್ರಷ್ಷಿನ ಗೆರೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅಕ್ಷರ ಮಾತ್ರ ಸುಣ್ಣದೊಳಗೆ ನಿದ್ದೆ ಮಾಡುತ್ತಿತ್ತು.

ಸುಣ್ಣ ತೆಗೆಯಲು ಹಿರಿಯರ ಒಪ್ಪಿಗೆ ಬೇಕಿತ್ತು. ಅದಕ್ಕೇ ಎರಡು ಭಾನುವಾರ ಹೋಯಿತು. ಬರೀ ನೀರು, ಮೆದು ಬ್ರಷ್ಷು, ಬಿದಿರಿನ ಕಡ್ಡಿ. ಆ್ಯಸಿಡ್ ಹಾಕಿ ಅನ್ನುವವರಿಗೆ ದೊಡ್ಡ ನಮಸ್ಕಾರ. ಆಮೇಲೆ ಕತ್ತಲಾದ ಮೇಲೆ ಹೋಗಿ ಟಾರ್ಚ್ ಅಡ್ಡ ಹಿಡಿದು ನೋಡೋಣ ಅಂತ ಹೊರಟೆ. ದಡ್ಡತನ. ಹತ್ತೇ ನಿಮಿಷದಲ್ಲಿ ಎಂಟು ಜನ ದೊಣ್ಣೆ ಸಮೇತ ಹಾಜರ್. ರಾತ್ರಿ, ಟಾರ್ಚು, ವೀರಗಲ್ಲು, ಬ್ಯಾಗು: ನಿಧಿ ಅಗೆಯುವವನ ಸರಂಜಾಮಿಗೂ ನನ್ನದಕ್ಕೂ ವ್ಯತ್ಯಾಸ ಗುದ್ದಲಿಯೊಂದೇ. ಉಳಿಸಿದವರು ಜೊತೆಗೆ ಬಂದಿದ್ದ ನಮ್ಮ ಎದುರುಮನೆ ಸುಬೇದಾರ್ರು. ರಿಟೈರಾಗಿ ಬಹಳ ವರ್ಷವಾದರೂ ದನಿ ಇನ್ನೂ ಪರೇಡ್ ಮೈದಾನದ್ದೇ. 'ಇದೂ ನಮ್ಮಂಥೋನ್ದೇ ಕಲ್ಲು ಕಣ್ರಪ್ಪಾ, ಹೆಸ್ರು ಹುಡುಕ್ತಿದೀವಿ' ಅಂದರು. ದೊಣ್ಣೆ ಕೆಳಗಿಳಿಯಿತು, ಟೀ ಬಂತು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರದು ಒಂದೇ ಕೊರಗು. 'ನಮ್ಮಲ್ಲಿ ನಂಬರು, ರ್‍ಯಾಂಕು, ಹೆಸ್ರು ಮೂರೂ ಕಲ್ಲಿಗೆ ಹತ್ತುತ್ತೆ ಕಣಯ್ಯ. ಇವನಿಗೆ ಹೆಸ್ರೇ ಇಲ್ವಲ್ಲ.' 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣ ಹಿಡಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯೂ ಇತ್ತಲ್ಲ, ಆ ಪಡೆಯಲ್ಲಿ ಮಡಿದವರ ಹೆಸರು ಬೆಂಗಳೂರಿನ ಜೆ.ಸಿ. ನಗರದ ಕಂಬದ ಮೇಲಿದೆ. ಅದನ್ನು ಅವರು ನಿಂತು ಓದಿ ಬಂದಿದ್ದಾರಂತೆ. ನಾನು ಆ ಕಂಬದ ಪಕ್ಕ ಎಷ್ಟು ಸಲ ಹೋಗಿದ್ದೇನೋ, ಸಿಗ್ನಲ್ ಕಡೆಗೇ ಕಣ್ಣು.

ಈಗ ಅಸಲಿ ವಿಷಯ. ಕಲ್ಲಿನ ಮುಖ ಉತ್ತರಕ್ಕೆ, ಮೇಲೆ ಆಲದ ಮರ. ಬಿಸಿಲು ಓರೆಯಾಗಿ ಬೀಳುವ ಮಾತೇ ಇಲ್ಲ. ಎಡಗಡೆ ಏರಿಯ ಇಳಿಜಾರು, ಲಂಟಾನದ ಪೊದೆ, ಕಾಲಿಡಲು ಜಾಗವಿಲ್ಲ. ಟ್ರೈಪಾಡು ಕಾಲು ಮುರಿದುಕೊಂಡಿದ್ದು ಅಲ್ಲೇ. ಹಾಗಾಗಿ ಎಡದಿಂದ ಬೆಳಕು ಕೊಟ್ಟ ಫೋಟೊ ಒಂದೂ ಇರಲಿಲ್ಲ, ಎಲ್ಲ ಮೇಲಿನಿಂದ ಇಲ್ಲ ಬಲದಿಂದ. ಮೇಲಿನ ಬೆಳಕಿಗೆ ಅಡ್ಡ ಗೆರೆ ಏಳುತ್ತದೆ, ಉದ್ದ ಗೆರೆ ಮಾಯವಾಗುತ್ತದೆ. ಬಲದ ಬೆಳಕಿಗೆ ಆ ಚಕ್ಕೆ ಎದ್ದ ಅಂಚಿನ ಗೊಂದಲವೇ ಜಾಸ್ತಿ. ರ ಮತ್ತು ಱ ನಡುವಿನ ವ್ಯತ್ಯಾಸವಾದರೂ ಏನು? ಒಂದಕ್ಕೆ ಒಂದೇ ಹೊಟ್ಟೆ, ಇನ್ನೊಂದಕ್ಕೆ ಎರಡು, ನಡುವೆ ಒಂದು ಉದ್ದ ಗೆರೆ. ಬೇಕಾಗಿದ್ದ ಗೆರೆಯನ್ನೇ ನಾನು ಏಳು ವಾರ ಬೆಳಕು ಹಾಕಿ ಅಳಿಸುತ್ತಿದ್ದೆ!

ಎಡಕ್ಕೆ ಇಪ್ಪತ್ತು ಅಡಿ ಆಚೆ ತೂಬಿನ ಕಟ್ಟೆ ಇದೆ. ಅದರ ಮೇಲೆ ಒಳ್ಳೆ ಬಿಸಿಲು. ಬೈಕಿನ ಕನ್ನಡಿ ಬಿಚ್ಚಿಕೊಂಡು ಅಲ್ಲಿಂದ ಬಿಸಿಲು ಹೊಡೆದು ನೋಡಿದೆ. ಉಬ್ಬು ಕನ್ನಡಿ, ಬೆಳಕೆಲ್ಲ ಚೆಲ್ಲಾಪಿಲ್ಲಿ. ಎಮ್ಮೆ ಬಿಚ್ಚಲು ಬಂದಿದ್ದ ಅಜ್ಜಿ ಸ್ವಲ್ಪ ಹೊತ್ತು ನೋಡಿ, 'ಮಕ ನೋಡ್ಕಳ ಕನ್ನಡಿ ಆಗಕಿಲ್ವಾ ಮಗಾ?' ಅಂದರು. ಮನೆಯಿಂದ ತಂದೂ ಕೊಟ್ಟರು. ಮರದ ಚೌಕಟ್ಟು, ಒಂದು ಮೂಲೆಯಲ್ಲಿ ಐದಾರು ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಸುಬೇದಾರ್ರು ಕಟ್ಟೆ ಮೇಲೆ ನಿಂತು ಕನ್ನಡಿ ಹಿಡಿದರು. ನಾನು ಕಂಬಳಿ ಹೊದ್ದು ಕಲ್ಲಿಗೆ ಮುಖ ಹಚ್ಚಿ ಕೂತೆ. ಒಳಗೆ ಎಮ್ಮೆ ವಾಸನೆ, ಸೆಕೆ. ಬಿಸಿಲಿನ ತುಂಡು ಎಡದಿಂದ ಕಲ್ಲನ್ನು ಸವರಿಕೊಂಡು ಬಂತು. ಅದರಲ್ಲಿ ಬೊಟ್ಟುಗಳ ನೆರಳು ಕಪ್ಪು ಮಚ್ಚೆಗಳಾಗಿ ತೆವಳಿದವು. ಒಂದು ಮಚ್ಚೆ ಸರಿಯಾಗಿ ನನ್ನ ಅಕ್ಷರದ ಮೇಲೇ ಬಂದು ಕೂತಿತು. 'ಸುಬೇದಾರ್ರೇ, ಒಂದ್ ಬೆರಳು ಮೇಲೆ!' ಮಚ್ಚೆ ಸರಿಯಿತು. ಮೊದಲ ಹೊಟ್ಟೆ. ನೆರಳು. ಉದ್ದ ಗೆರೆ. ಎರಡನೇ ಹೊಟ್ಟೆ. ಬಲಕ್ಕೆ ಉಕಾರದ ಕೊಂಬು.

ತುಱು. ದನಕ್ಕಾಗಿ ಸತ್ತವನು.

ಊರಿನವರಿಗೆ ಹೇಗೆ ಹೇಳುವುದು ಅಂತ ಅಳುಕಿತ್ತು, ದಂಡಿನ ಕಥೆ ಹೋಯಿತಲ್ಲ. ಒಂದಿಬ್ಬರ ಮುಖ ಸಪ್ಪಗಾಗಿದ್ದು ನಿಜ. ಅಜ್ಜಿ ಮಾತ್ರ 'ದನ ಹೋದ್ರೆ ಊರಲ್ಲಿ ಇನ್ನೇನ್ ಉಳೀತದೆ' ಅಂದು ಕನ್ನಡಿ ಕಂಕುಳಿಗೆ ಸಿಕ್ಕಿಸಿಕೊಂಡರು. ಎಮ್ಮೆ ಹಗ್ಗವನ್ನು ಕಲ್ಲಿನಿಂದ ಬಿಚ್ಚಿ ಆಲದ ಬೇರಿಗೆ ಕಟ್ಟಿದರು. ನಾನು ಹೇಳಿರಲಿಲ್ಲ.

ಕೆಳಗಿನ ಪಟ್ಟಿಕೆಯಲ್ಲಿ ದನ ಇದೆಯಾ, ಅಗೆದು ನೋಡಬಾರದಾ ಅಂತ ಕೇಳಬೇಡಿ. ಅಗೆಯುವುದು ನಮ್ಮ ಕೆಲಸ ಅಲ್ಲ, ದೊಣ್ಣೆ ನೆನಪೂ ಇದೆ.

ಮುಂದಿನದು ಹಳೇಬೀಡು. ಎರಡನೇ ವೀರಬಲ್ಲಾಳನ ಗರುಡ (ಒಡೆಯನ ಜೊತೆಗೇ ಪ್ರಾಣ ಬಿಡುವ ಪಣ ತೊಟ್ಟ ಅಂಗರಕ್ಷಕ) ಕುವರ ಲಕ್ಷ್ಮನ ಕಂಬ, ಒಡೆಯನಿಗಾಗಿ ತಮ್ಮ ತಲೆ ತಾವೇ ಕೊಟ್ಟವರ ಕೆತ್ತನೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, ಕಾಗದ ಮಸಿ ಮುಟ್ಟಿಸುವ ಹಾಗಿಲ್ಲ, ಬರೀ ಫೋಟೊ. ದಾರಿಯಲ್ಲಿ ಹಲ್ಮಿಡಿಗೂ ಹೋಗಬೇಕು. ಅಲ್ಲಿರುವುದು ಪ್ರತಿಕೃತಿ ಅಂತ ಗೊತ್ತು. ಆದರೂ 450ರ ಸುಮಾರಿನ ಆ ಶಾಸನದಲ್ಲಿ ಯುದ್ಧದಲ್ಲಿ ಗೆದ್ದ ವಿಜಅರಸನಿಗೆ ಕೊಟ್ಟ 'ಬಾಳ್ಗಳ್ಚು' ದತ್ತಿ ಇದೆಯಲ್ಲ, ಕತ್ತಿ ತೊಳೆಯುವುದು ಅಂತ ಅದರ ಅರ್ಥ. ಅದನ್ನು ಸುಬೇದಾರ್ರಿಗೆ ತೋರಿಸಬೇಕು.

ಅದಕ್ಕೂ ಮೊದಲು ಈ ಕಲ್ಲಿನ ಮೂರನೇ ಸಾಲು ಬಾಕಿ ಇದೆ. ಸಂವತ್ಸರದ ಹೆಸರು ಅಲ್ಲೇ ಇರಬೇಕು. ಭಾನುವಾರ ಮತ್ತೆ ಕನ್ನಡಿ ಕೇಳಿದ್ದೇನೆ. ಬೊಟ್ಟು ಕಿತ್ತರೆ ಕೊಡುವುದಿಲ್ಲ ಅಂದಿದ್ದಾರೆ.