ಗಿರಣಿ ನಿಂತಿತು

ಸೆಕೆಂಡ್ ಹ್ಯಾಂಡ್ ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ದೂರದವರ ಜೊತೆ ಮಾತಾಡುವ ರೇಡಿಯೋ) ಸೆಟ್ ತಂದು ತಿಂಗಳಾಯಿತು. ಸೆಟ್ ಚೆನ್ನಾಗಿದೆ. ಫ್ಯಾನ್ ಮಾತ್ರ ಗರ್ರ್ ಅನ್ನುತ್ತಿತ್ತು. "ಮನ್ಯಾಗ ಹಿಟ್ಟಿನ ಗಿರಣಿ ಹಾಕೀಯೇನೋ?" ಅಂತ ಅವ್ವ ದಿನಾ ಕೇಳುತ್ತಿದ್ದಳು.

ನಿನ್ನೆ ಬಿಚ್ಚಿದೆ. ಒಳಗೆ ಅರ್ಧ ವಿಜಯಪುರದ ಧೂಳು! ಬ್ರಷ್‌ನಿಂದ ತೆಗೆದೆ. ಫ್ಯಾನ್ ಬೆನ್ನಿನ ಸ್ಟಿಕ್ಕರ್ ಎತ್ತಿ, ಅವ್ವನ ಹೊಲಿಗೆ ಮಷೀನಿನ ಎಣ್ಣೆ ಒಂದೇ ಹನಿ ಬಿಟ್ಟೆ. ಅರ್ಧ ಗಂಟೆ ಸುಮ್ಮನಿತ್ತು, ಆಮೇಲೆ ಮತ್ತೆ ಗರ್ರ್. ಫ್ಯಾನಿನ ದಂಡ ತಿರುಗುವ ಬುಶ್ ಸವೆದಿತ್ತು. ಸವೆದದ್ದಕ್ಕೆ ಎಣ್ಣೆ ಏನು ಮಾಡೀತು?

ಕೊನೆಗೆ ಅದೇ ಅಳತೆಯ 12 ವೋಲ್ಟ್ ಬಾಲ್ ಬೇರಿಂಗ್ ಫ್ಯಾನ್ ಹಾಕಿದೆ. ನಿಧಾನಕ್ಕೆ ತಿರುಗುವ ಫ್ಯಾನ್ ಹಾಕಿದರೆ ಸದ್ದು ಇನ್ನೂ ಕಡಿಮೆ, ನಿಜ. ಆದರೆ 100 ವಾಟ್ ಕಳಿಸುವಾಗ ಈ ಸೆಟ್ 13.8 ವೋಲ್ಟ್‌ನಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ. ಅಂದರೆ 276 ವಾಟ್. ಆಂಟೆನಾಗೆ ಹೋಗುವ ನೂರು ಬಿಟ್ಟರೆ ಉಳಿದದ್ದೆಲ್ಲ ಬರೀ ಬಿಸಿ. ಮೇಲೆ ನಮ್ಮೂರ ಬಿಸಿಲು ಬೇರೆ. ಗಾಳಿಯಲ್ಲಿ ಜಿಪುಣತನ ಬೇಡ ಅನ್ನಿಸಿತು. ಗಾಳಿ ಯಾವ ಕಡೆಗೆ ಅನ್ನೋ ಬಾಣದ ಗುರುತು ನೋಡದೆ ಮೊದಲು ಉಲ್ಟಾ ಕೂರಿಸಿದ್ದೆ, ಅದು ನಮ್ಮಲ್ಲೇ ಇರಲಿ.

ರಾತ್ರಿ 7 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಟ್ಟು ಕೂತೆ. ತೀರಾ ಸಣ್ಣ ಮೋರ್ಸ್ (ಚುಕ್ಕೆ-ಗೆರೆ ಸಂಕೇತ) ಸದ್ದೊಂದು ಕೇಳಿತು. ಇಷ್ಟು ದಿನವೂ ಇಂಥವು ಬರುತ್ತಿದ್ದವೇನೋ, ಫ್ಯಾನ್ ಗದ್ದಲದಲ್ಲಿ ನನಗೆ ಗೊತ್ತಾಗಿರಲಿಲ್ಲ. ಗೋಳಗುಮ್ಮಟದಲ್ಲೂ ಹಾಗೇ ಅಲ್ವಾ? ಜನರೆಲ್ಲ ಕೂಗುವಾಗ ಹೋದರೆ ಪಿಸುಮಾತು ಎಲ್ಲಿ ಕೇಳಬೇಕು, ಬೆಳಿಗ್ಗೆ ಬೇಗ ಹೋಗಬೇಕು.

ಅವ್ವ ಇಣುಕಿ ನೋಡಿದಳು. "ಯಾಕೋ, ಸುಮ್ಮನಾತಲ್ಲ, ಕೆಟ್ಟತೇನು?"