ಹುಲಿಯನ ಹಿಂದೆ ಹೋದ ಪ್ರಬಂಧ

ಎಂಎ ಪ್ರಬಂಧಕ್ಕೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಆರಿಸಿಕೊಂಡಿದ್ದೆ. 1967ರ ಕಾದಂಬರಿ. ಅದರ ಬಗ್ಗೆ ಎಷ್ಟೊಂದು ಜನ ಬರೆದಾಗಿದೆ, ನಾನೇನು ಹೇಳಲಿ ಅಂತ ಒಂದು ವಾರ ಕಬ್ಬನ್ ಪಾರ್ಕಿನ ಲೈಬ್ರರಿಯಲ್ಲಿ ಸುಮ್ನೆ ಕೂತಿದ್ದೆ.

ಆಮೇಲೆ ಕಾದಂಬರಿಯಲ್ಲಿ ಬರುವ ಗುತ್ತಿ ಅನ್ನುವವನ ನಾಯಿ ‘ಹುಲಿಯ’ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಹೋದೆ. (ನನ್ನದೇ ಪ್ರತಿ, ಅವೆನ್ಯೂ ರಸ್ತೆಯಲ್ಲಿ ಕೊಂಡದ್ದು.) ಪುಟಗಳ ಅಂಚೆಲ್ಲ ಕಪ್ಪಾಯಿತು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅನ್ನುವ ಮೊದಲ ಮಾತನ್ನು ಎಲ್ಲರೂ ಎತ್ತಿ ಬರೆಯುತ್ತಾರೆ. ಅದನ್ನು ತೋರಿಸಬೇಕಾದರೆ ಈ ನಾಯಿಯನ್ನೇ ಹಿಡಿಯಬೇಕು, ಅಲ್ವಾ?

‘ಕಥೆ ಹೇಳಬೇಡಮ್ಮ, ನಿನ್ನ ವಾದ ಹೇಳು’ ಅಂದರು ಮೇಡಂ. ಆರು ಪುಟ ಹೊಡೆದು ಹಾಕಿದೆ. ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟದಿಂದಲೇ ಮತ್ತೆ ಶುರುಮಾಡಿದೆ.